ರಾತ್ರಿ ಮಲಗಿದ್ರೆ ಬೆಳಿಗ್ಗೆ ಇನ್ನೊಂದು ದೇಶ: ಅಜ್ಜಿಯ ಮೂರು ಪ್ರಶ್ನೆ

ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ನಮ್ಮ ಆರ್.ಎಚ್. ಕ್ಯಾಂಪಿನಿಂದ ಗಾಡಿ ನೋಡೋಕೆ ಹೋದವರಲ್ಲಿ ನಮ್ಮ ಅಜ್ಜಿಯೂ ಒಬ್ಬರು. ಪ್ಲಾಟ್‌ಫಾರ್ಮ್ ಮೇಲೆ ನಿಂತು ಬಂಗಾಳಿಯಲ್ಲಿ ಕೇಳಿದ್ದು ಒಂದೇ ಮಾತು: "ಇದು ಹತ್ತಿದ್ರೆ ಖುಲ್ನಾಕ್ಕೆ ಹೋಗಬಹುದಾ?"

ಕ್ಯಾಂಪ್ ಗೊತ್ತಿಲ್ಲದ ಗೆಳೆಯರಿಗೆ ಒಂದು ಮಾತು. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆಗೊಳಿಸಿದ ಊರುಗಳಿವು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಹೊಲದಲ್ಲಿ ಭತ್ತ. ಅಜ್ಜಿ ಗಡಿ ದಾಟಿದ್ದು ರಾತ್ರಿ ಹೊತ್ತು, ನಡೆದು. ಅದಕ್ಕೇ ಮಲಗಿಕೊಂಡು ದೇಶ ದಾಟಬಹುದು ಅಂದ್ರೆ ಅವರು ನಂಬಲೇ ಇಲ್ಲ. ಅವರಿಗೆ ವಿವರಿಸಿದ್ದನ್ನೇ ನಿಮಗೂ ಹೇಳ್ತೀನಿ.

ಮೊದಲನೇ ಪ್ರಶ್ನೆ: ಅಂಥ ಗಾಡಿ ಇದೆಯಾ?

ಭಾರತ–ಬಾಂಗ್ಲಾದೇಶದ ನಡುವೆ ಮೂರು ಗಾಡಿ ಶುರುವಾದವು. ಕೋಲ್ಕತ್ತಾ–ಢಾಕಾ ಮೈತ್ರಿ (2008), ಕೋಲ್ಕತ್ತಾ–ಖುಲ್ನಾ ಬಂಧನ್ (2017), ನ್ಯೂ ಜಲ್ಪಾಯ್‌ಗುರಿ–ಢಾಕಾ ಮಿತಾಲಿ (2022). ಮೊದಲಿನ ಎರಡೂ ಹಗಲು ಗಾಡಿಗಳು. ಮಿತಾಲಿ ಹೋಗುವಾಗ ಹಗಲು, ಬರುವಾಗ ರಾತ್ರಿ. ಢಾಕಾ ಕಂಟೋನ್ಮೆಂಟ್‌ನಲ್ಲಿ ರಾತ್ರಿ ಹತ್ತರ ಆಸುಪಾಸು ಹತ್ತಿ ಮಲಗಿದ್ರೆ, ಬೆಳಿಗ್ಗೆ ಏಳರ ಹೊತ್ತಿಗೆ ಭಾರತ. ಅದು ಗಡಿ ದಾಟುವ ಹಲ್ದಿಬಾರಿ–ಚಿಲಾಹಾಟಿ ಮಾರ್ಗ 1965ರ ಯುದ್ಧದಲ್ಲಿ ಮುಚ್ಚಿತ್ತು. ಮತ್ತೆ ತೆರೆದದ್ದು 2020ರ ಡಿಸೆಂಬರ್‌ನಲ್ಲಿ, 55 ವರ್ಷದ ಮೇಲೆ.

ಎರಡನೇ ಪ್ರಶ್ನೆ: ನಡುರಾತ್ರಿ ಎಬ್ಬಿಸಿ ಇಳಿಸ್ತಾರಾ?

ಇದು ಯಾವ ದೇಶದ ಸ್ಲೀಪರ್ ಹತ್ತುವ ಮುಂಚೆಯೂ ಕೇಳಬೇಕಾದ ಪ್ರಶ್ನೆ. ಪಾಸ್‌ಪೋರ್ಟ್ ತಪಾಸಣೆ ಮುಖ್ಯವಾಗಿ ಮೂರು ಥರ ನಡೆಯುತ್ತೆ.

ಒಂದು, ಗಡಿಯಲ್ಲೇ. ಹನೋಯ್‌ನಿಂದ ಚೀನಾದ ನಾನಿಂಗ್‌ಗೆ ಹೋಗುವ ರಾತ್ರಿ ಗಾಡಿಯಲ್ಲಿ ವಿಯೆಟ್ನಾಂ ಕಡೆ ಒಂದು ಸಲ, ಚೀನಾ ಕಡೆ ಇನ್ನೊಂದು ಸಲ ಲಗೇಜು ಹೊತ್ತು ಇಳಿಯಬೇಕು. ನಿದ್ದೆ ಎರಡು ತುಂಡು.

ಎರಡು, ಗಾಡಿ ಗಡಿಯ ಸ್ಟೇಷನ್‌ನಲ್ಲೇ ಮುಗಿಯೋದು. ಬ್ಯಾಂಕಾಕ್‌ನಿಂದ ಸಂಜೆಯೊಳಗೆ ಹೊರಡುವ ಸ್ಲೀಪರ್ ಬೆಳಿಗ್ಗೆ ಪಡಾಂಗ್ ಬೆಸಾರ್ ತಲುಪುತ್ತೆ. ಥಾಯ್ಲೆಂಡ್, ಮಲೇಷ್ಯಾ ಎರಡರ ಕೌಂಟರೂ ಅಲ್ಲೇ ಇವೆ. ಮುದ್ರೆ ಹಾಕಿಸಿಕೊಂಡು ಕ್ವಾಲಾಲಂಪುರದ ಗಾಡಿ ಹಿಡೀಬೇಕು.

ಮೂರು, ಹತ್ತುವಲ್ಲಿ ಮತ್ತು ಇಳಿಯುವಲ್ಲಿ ಮಾತ್ರ. ಮಿತಾಲಿಯದು ಇದೇ ಪದ್ಧತಿ. ಮೈತ್ರಿಯಲ್ಲೂ ಮೊದಲು ಗೆದೆ, ದರ್ಶನಾ ಸ್ಟೇಷನ್‌ಗಳಲ್ಲಿ ಎಲ್ಲರೂ ಇಳಿದು ಸಾಲು ನಿಲ್ಲಬೇಕಿತ್ತು. 2017ರ ನವೆಂಬರ್‌ನಿಂದ ಅದು ತಪ್ಪಿತು. ಗಡಿ ಯಾವಾಗ ದಾಟಿತು ಅಂತ ಮಲಗಿದವರಿಗೆ ಗೊತ್ತೇ ಆಗಲ್ಲ.

ಇದನ್ನು ಕೇಳಿ ಅಜ್ಜಿ ಸುಮಾರು ಹೊತ್ತು ಸುಮ್ಮನಿದ್ರು.

ಮೂರನೇ ಪ್ರಶ್ನೆ: ಹಳಿ ಎರಡೂ ಕಡೆ ಒಂದೇನಾ?

ಇದು ನಮ್ಮಂಥ ಎಂಜಿನಿಯರಿಂಗ್‌ನವರ ಪ್ರಶ್ನೆ, ಆದ್ರೆ ಕೇಳಿದ್ದು ಅಜ್ಜಿಯೇ! ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಬಾಂಗ್ಲಾದೇಶದ ಪಶ್ಚಿಮ ಭಾಗದಲ್ಲೂ ಅದೇ ಇದೆ. ಢಾಕಾ ಇರುವ ಪೂರ್ವ ಭಾಗದಲ್ಲಿ ಮೊದಲಿನಿಂದ ಇದ್ದದ್ದು 1000 ಮಿ.ಮೀ. ಮೀಟರ್‌ಗೇಜ್. ನಡುವೆ ಜಮುನಾ ನದಿ. 1998ರಲ್ಲಿ ಸೇತುವೆ ಆದಮೇಲೆ ಮೂರು ಹಳಿಯ ಡ್ಯುಯಲ್ ಗೇಜ್ ಹಾಕಿದರು. ಒಂದು ಹಳಿ ಎರಡು ಗೇಜಿಗೂ ಸಾಮಾನ್ಯ. ಅಲ್ಲಿಂದ 1000ಕ್ಕೆ ಒಂದು, 1676ಕ್ಕೆ ಇನ್ನೊಂದು. ಹಾಗಾಗಿ ಗಾಲಿ ಬದಲಿಸದೆ ನಮ್ಮ ಬೋಗಿ ಢಾಕಾವರೆಗೂ ಹೋಗುತ್ತೆ.

ನೀವು ಯಾವ ದೇಶಕ್ಕೆ ಹೋದ್ರೂ ನಾಲ್ಕು ಮಾತು ನೆನಪಿಡಿ. ಪಾಸ್‌ಪೋರ್ಟ್ ಬ್ಯಾಗಿನಲ್ಲಲ್ಲ, ಮೈಮೇಲೆ ಇರಲಿ. ವೀಸಾದಲ್ಲಿ ರೈಲು ಮಾರ್ಗಕ್ಕೆ ಅನುಮತಿ ಇದೆಯಾ ಅಂತ ಅರ್ಜಿ ಹಾಕುವಾಗಲೇ ನೋಡ್ಕೊಳ್ಳಿ. ಗಡಿ ದಾಟುವ ಗಾಡಿಗೆ ಬೆಳಗಿನ ಬೇರೆ ಗಾಡಿಯನ್ನು ಬಿಗಿಯಾಗಿ ಜೋಡಿಸಬೇಡಿ, ತಪಾಸಣೆಗೆ ಹೊತ್ತು ಹಿಡಿಯುತ್ತೆ. ಟಿಕೆಟಿನಲ್ಲಿರೋದು ಯಾವ ದೇಶದ ಟೈಮ್ ಅಂತ ತಿಳ್ಕೊಳ್ಳಿ. ಢಾಕಾ ಗಡಿಯಾರ ನಮ್ಮದಕ್ಕಿಂತ 30 ನಿಮಿಷ ಮುಂದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಅಜ್ಜಿ ಕೇಳಿದ್ರು, "ಹಾಗಾದ್ರೆ ನಾನು ಯಾವಾಗ ಹೋಗಲಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಸ್‌ಪೋರ್ಟ್ ಬೇಕಂದ್ರೆ ಪೌರತ್ವ ಬೇಕು. ಇಷ್ಟು ವರ್ಷ ಇಲ್ಲೇ ಬಾಳಿದರೂ ಅವರ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ. 2024ರ ಜುಲೈನಲ್ಲಿ ಅಲ್ಲಿನ ಗಲಭೆಯಿಂದಾಗಿ ಮೂರೂ ಗಾಡಿ ನಿಂತವು. ಸಿಂಧನೂರಿಗೆ ರೈಲು ಬಂದು ಆಗ ನಾಲ್ಕು ತಿಂಗಳು.

ಹಳಿ ಜೋಡಿಸೋದು ನಾವು ಕಲಿಯುವ ವಿದ್ಯೆ. ಕಾಗದ ಜೋಡಿಸೋದು ಅದಕ್ಕಿಂತ ಕಷ್ಟ ಅಂತ ನನಗೆ ಗೊತ್ತಾದದ್ದು ಅಜ್ಜಿಯಿಂದ. ಮೊನ್ನೆ ರಜೆಗೆ ಊರಿಗೆ ಹೋದಾಗ ಮತ್ತೆ ಅದೇ ಮಾತು ತೆಗೆದ್ರು: "ಟಿಕೆಟ್ ಮಾಡಿಸುವಾಗ ನನಗೆ ಕೆಳಗಿನ ಬರ್ತೇ ಕೇಳು, ಮೇಲೆ ಹತ್ತೋಕಾಗಲ್ಲ."