ಕೆರೆಯ ಮೀನಿಗೂ ಉಂಟು ಋತುಮಾನ

ಅದೇ ಕೆರೆ, ಅದೇ ಗಾಳ, ಅದೇ ಎರೆಹುಳು. ಆದರೂ ಮಾಗಿಯ ಮುಂಜಾನೆ ಗಂಟೆಗಟ್ಟಲೆ ಕಾದರೂ ಅಲುಗದ ಬೆಂಡು, ಮುಂಗಾರಿನ ಹೊಸನೀರು ಬಂದ ಮೇಲೆ ಮತ್ತೆ ಮತ್ತೆ ಮುಳುಗುತ್ತದೆ. ಇದಕ್ಕೆ ಕಾರಣವೇನು? ಹಳ್ಳಿಯ ಮೀನುಗಾರರು ಇದನ್ನು ಅನುಭವದಿಂದ ಬಲ್ಲರು. ವಿಜ್ಞಾನದ ವಿದ್ಯಾರ್ಥಿಗಳು ಇದೇ ವಿಷಯವನ್ನು ಉಷ್ಣತೆ, ಆಮ್ಲಜನಕ ಮತ್ತು ಸಂತಾನೋತ್ಪತ್ತಿ ಎಂಬ ಮೂರು ಅಂಶಗಳ ಮೂಲಕ ಅರ್ಥಮಾಡಿಕೊಳ್ಳಬಹುದು.

ಹಳೆಯ ಬೆಂಗಳೂರಿನವರಿಗೆ ಇದನ್ನು ಗಮನಿಸಲು ದೂರ ಹೋಗಬೇಕಾಗಿಲ್ಲ. ಮಲ್ಲೇಶ್ವರದ ಮಗ್ಗುಲಲ್ಲಿ ಸ್ಯಾಂಕಿ ಕೆರೆ ಇದೆ. ಕರ್ನಲ್ ರಿಚರ್ಡ್ ಸ್ಯಾಂಕಿ ಅವರು 1882ರಲ್ಲಿ ನಿರ್ಮಿಸಿದ ಈ ಕೆರೆಯ ವಿಸ್ತಾರ ಸುಮಾರು 37 ಎಕರೆ. ಬಸವನಗುಡಿ, ಚಾಮರಾಜಪೇಟೆಗಳಿಗೆ ಸಮೀಪದಲ್ಲಿ ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆ ಇದೆ. ಅದರ ಏರಿಯ ಬಳಿ ಕೆಂಪೇಗೌಡರ ಹೆಸರಿನ ಗೋಪುರವೊಂದು ಇಂದಿಗೂ ನಿಂತಿದೆ. ಲಾಲ್‌ಬಾಗಿನಲ್ಲಿಯೂ ಕೆರೆಯಿದೆ. ಧರ್ಮಾಂಬುಧಿ ಕೆರೆ ಮಾತ್ರ ಉಳಿಯಲಿಲ್ಲ. ಅದರ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ.

ಅಲ್ಲಿ ಚಳಿ, ಇಲ್ಲಿ ಮಳೆ

ಉತ್ತರ ಅಮೆರಿಕದ ಸರೋವರಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಗಾಳಗಾರರಿಗೆ ಬಹು ಪ್ರಿಯವಾದುದು. ಅದರ ಬದುಕನ್ನು ನಡೆಸುವುದು ನೀರಿನ ಉಷ್ಣತೆ. ಚಳಿಗಾಲದಲ್ಲಿ ಸರೋವರದ ಮೇಲ್ಮೈ ಹೆಪ್ಪುಗಟ್ಟಿದಾಗ ಅದು ಆಳಕ್ಕೆ ಇಳಿದು, ಬಹುಮಟ್ಟಿಗೆ ಆಹಾರ ಬಿಟ್ಟು ಸುಮ್ಮನಿರುತ್ತದೆ. ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ದಡದ ಬಳಿಗೆ ಬರುತ್ತದೆ. ಗಂಡು ಮೀನು ಜಲ್ಲಿಯಲ್ಲಿ ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಅಲ್ಲಿನ ಗಾಳಗಾರನು ಥರ್ಮಾಮೀಟರ್ ನೋಡಿ ದೋಣಿ ಇಳಿಸುತ್ತಾನೆ.

ಬೆಂಗಳೂರಿನ ಕೆರೆ ಎಂದೂ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಮೀನಿನ ವರ್ಷವನ್ನು ಮುಖ್ಯವಾಗಿ ವಿಭಾಗಿಸುವುದು ಮಳೆ. ನಮ್ಮ ರೈತರು ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ಎಣಿಸುವಂತೆ ಮೀನುಗಾರನೂ ಎಣಿಸುತ್ತಾನೆ. ಮಲೆನಾಡಿನಲ್ಲಿ ಹೊಸನೀರಿನೊಡನೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಮೀನಿಗೆ ‘ಹತ್ತುಮೀನು’ ಎಂಬ ಹೆಸರೇ ಇದೆ. ಮೊಟ್ಟೆಯಿಡಲು ಹೊರಟ ಮೀನು ಅದು.

ಮುಂಗಾರು: ಮರಿಗಳ ಕಾಲ

ನಮ್ಮ ಕೆರೆಗಳಲ್ಲಿ ಸಾಕುವ ಮುಖ್ಯ ಮೀನುಗಳು ಕಾಟ್ಲಾ, ರೋಹು ಮತ್ತು ಮೃಗಾಲ್. ಮೂರೂ ಗೆಂಡೆಯ ಜಾತಿಗೆ ಸೇರಿದವು. ಮೂಲತಃ ಉತ್ತರದ ಗಂಗಾ ಮೊದಲಾದ ನದಿಗಳವು. ಒಂದೇ ಕೆರೆಯಲ್ಲಿ ಇವು ಮೂರು ಅಂತಸ್ತಿನ ಮನೆಯಲ್ಲಿ ವಾಸಿಸುವವರಂತೆ ಇರುತ್ತವೆ. ಕಾಟ್ಲಾ ಮೇಲ್ಮೈಯಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಬೆಂಡಿನಿಂದ ಕೊಕ್ಕೆಯವರೆಗೆ ದಾರದ ಉದ್ದ ಎಷ್ಟಿರಬೇಕೆಂಬುದನ್ನು ಗಾಳಗಾರನು ಇದರಿಂದಲೇ ನಿರ್ಧರಿಸುತ್ತಾನೆ.

ಈ ಮೂರು ಮೀನುಗಳಿಗೂ ಮೊಟ್ಟೆಯಿಡಲು ಮಳೆಗಾಲದ ಹರಿಯುವ ನೀರು ಬೇಕು. ನಿಂತ ನೀರಿನ ಕೆರೆಯಲ್ಲಿ ಇವು ಬೆಳೆಯುತ್ತವೆಯೇ ಹೊರತು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಈ ತೊಡಕನ್ನು ಬಿಡಿಸಿದವರು ಡಾ. ಹೀರಾಲಾಲ್ ಚೌಧುರಿ. ಅವರು 1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ, ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಿನ ಮೂಲಕ ನೀಡಿ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಮಳೆ ಬಂದು ಕೆರೆ ತುಂಬಿದ ಮೇಲೆ ಬಿತ್ತನೆ ಮರಿಗಳನ್ನು ತಂದು ಬಿಡುವ ಪದ್ಧತಿ ಬೆಳೆದದ್ದು ಈ ಸಂಶೋಧನೆಯ ಬಲದಿಂದ.

ಎಲ್ಲ ಮೀನುಗಳೂ ಹೀಗಲ್ಲ. ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಕೊರವ ಮೀನು ಸ್ಮಾಲ್‌ಮೌತ್ ಬಾಸಿನಂತೆಯೇ ಮೊಟ್ಟೆ, ಮರಿಗಳನ್ನು ಕಾಯುತ್ತದೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾದ ತಾಯಿ ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ.

ಮೊಟ್ಟೆ ತುಂಬಿದ ಒಂದು ಮೀನನ್ನು ಹಿಡಿದರೆ ಮುಂದಿನ ಸಾವಿರಾರು ಮರಿಗಳನ್ನು ಹಿಡಿದಂತೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಂತೆ ನಿಷೇಧವಿರುವುದೂ ಈ ಕಾರಣದಿಂದ.

ಹಿಂಗಾರು ಮತ್ತು ಮಾಗಿ

ಹಿಂಗಾರು ಮುಗಿದು, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಕೆರೆ ತುಂಬಿ, ನೀರು ತಿಳಿಯಾಗಿರುತ್ತದೆ. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಜೀರ್ಣಕ್ರಿಯೆಯೂ ನಿಧಾನವಾಗುತ್ತದೆ. ಜನವರಿಯ ಮುಂಜಾವಿನಲ್ಲಿ ಗೆಂಡೆಗಳಿಗೆ ಹಸಿವು ಕಡಿಮೆ. ಬಿಸಿಲೇರಿ ದಡದ ನೀರು ಬೆಚ್ಚಗಾದ ಮೇಲೆ ಅವು ಮೇಯಲು ಬರುತ್ತವೆ. ಆದ್ದರಿಂದ ಮಾಗಿಯಲ್ಲಿ ನಡುಹಗಲು ಮೇಲು. ಬೇಸಿಗೆಯಲ್ಲಿ ಬೆಳಗು ಮತ್ತು ಸಂಜೆ ಮೇಲು.

ಬೇಸಿಗೆ: ಉಸಿರಿನ ಲೆಕ್ಕ

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ನೀರಿನಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, 20 ಡಿಗ್ರಿಯಲ್ಲಿ ಕರಗಬಲ್ಲದ್ದು ಸುಮಾರು 9 ಮಿಲಿಗ್ರಾಂ ಮಾತ್ರ. 30 ಡಿಗ್ರಿಗೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ಗೆಂಡೆ ಮೀನು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಂ ಬೇಕು. ಅಂದರೆ ಬೇಸಿಗೆಯಲ್ಲಿ ಮೀನಿನ ಕೈಯಲ್ಲಿ ಉಳಿತಾಯವೆಂಬುದು ಬಹಳ ಸ್ವಲ್ಪ.

ಇದರೊಡನೆ ಚರಂಡಿ ನೀರು ಸೇರಿದರೆ ಏನಾಗುತ್ತದೆ ನೋಡಿ. ಕೊಳಚೆಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೂ ಆಮ್ಲಜನಕವನ್ನೇ ಬಳಸುತ್ತವೆ. ಕೊಳಚೆಯ ಸಾರದಿಂದ ಪಾಚಿ ಹಬ್ಬುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ಆದರೆ ರಾತ್ರಿ ಅದೂ ಉಸಿರಾಡುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆ. ಬೇಸಿಗೆಯ ಮೊದಲ ಜೋರು ಮಳೆ ಬೀದಿಯ ಕೊಳೆಯನ್ನೆಲ್ಲ ಒಮ್ಮೆಗೆ ತಂದು ಸುರಿದು, ತಳದ ಹೂಳನ್ನೂ ಕಲಕಿದರೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಅದನ್ನು ಆಟವೆಂದು ತಿಳಿಯಬಾರದು; ಅದು ಉಸಿರಿಗಾಗಿ ಒದ್ದಾಟ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ಕೊಳಚೆ ನೀರು ಮತ್ತು ಆಮ್ಲಜನಕದ ಕೊರತೆಯ ಕಡೆಗೇ ಎಲ್ಲರ ಗಮನ ಹರಿಯಿತು.

ಇಂಥ ನೀರಿನಲ್ಲಿ ಗೆಂಡೆಗಳು ಸಾಯುತ್ತವೆ; ಆಫ್ರಿಕಾದ ಕ್ಯಾಟ್‌ಫಿಶ್ ಬದುಕುತ್ತದೆ, ಏಕೆಂದರೆ ಅದು ಗಾಳಿಯನ್ನೂ ಉಸಿರಾಡಬಲ್ಲದು. ಇತರ ಮೀನುಗಳನ್ನು ತಿಂದುಹಾಕುವ ಈ ಮೀನಿನ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಒಂದು ಕೆರೆಯಲ್ಲಿ ಯಾವ ಮೀನು ಉಳಿದಿದೆ ಎಂಬುದೇ ಆ ಕೆರೆಯ ಆರೋಗ್ಯದ ವರದಿ.

ನೀವು ಮಾಡಬಹುದಾದದ್ದು

ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆ ಅಥವಾ ಪರವಾನಗಿಯ ಮೂಲಕ ಕೊಡುತ್ತಾರೆ. ಆದ್ದರಿಂದ ಅನುಮತಿಯಿಲ್ಲದೆ ಗಾಳ ಹಾಕಬಾರದು. ಕೊಳಚೆ ಸೇರುವ ಕೆರೆಯ ಮೀನನ್ನು ತಿನ್ನಲೂಬಾರದು. ಆದರೆ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಒಂದು ನೋಟ್‌ಪುಸ್ತಕ, ಒಂದು ಥರ್ಮಾಮೀಟರ್ ಸಾಕು. ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ, ಹಿರಿಯರ ಜೊತೆಯಲ್ಲಿ ನಿಂತು ನೀರಿನ ಉಷ್ಣತೆ, ಬಣ್ಣ, ವಾಸನೆ, ಹಿಂದಿನ ದಿನದ ಮಳೆ, ಮೇಲ್ಮೈಗೆ ಬರುವ ಮೀನು ಇವನ್ನು ಬರೆದಿಡಿ. ಕಾಲೇಜಿನಲ್ಲಿ ಓದುವವರು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ವಿಂಕ್ಲರ್ ವಿಧಾನದಿಂದ ಆಮ್ಲಜನಕವನ್ನೂ ಅಳೆಯಬಹುದು. ಮೀನುಗಳು ಗುಂಪಾಗಿ ಬಾಯಿ ತೆರೆಯುವುದು ಕಂಡರೆ ಆ ದಿನವೇ ಪಾಲಿಕೆಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ. ಧರ್ಮಾಂಬುಧಿಯ ಮೀನುಗಳ ಲೆಕ್ಕ ಬರೆಯಲು ಇಂದು ಸಾಧ್ಯವಿಲ್ಲ. ಸ್ಯಾಂಕಿ, ಕೆಂಪಾಂಬುಧಿಗಳ ಲೆಕ್ಕವನ್ನು ಈ ವರ್ಷವೇ ಆರಂಭಿಸಬಹುದು.