ಕತ್ತಿಯ ನಾಡಿಗೆ ಬಂದ ಮಡಚುಗತ್ತಿ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಡಕೆಯ ತೋಟವನ್ನು ನಂಬಿ ಬಾಳುವ ಮನೆಗಳನ್ನು ಹೊಕ್ಕು ನೋಡಿದವರಿಗೆ ಅಲ್ಲಿ ಮನುಷ್ಯರ ಸಂಸಾರದೊಡನೆ ಕತ್ತಿಗಳದ್ದೇ ಒಂದು ಸಂಸಾರವೂ ವಾಸವಾಗಿರುವುದು ಗೋಚರಿಸದಿರದು. ಬೇಲಿ ಸವರಲು, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯಲು, ಬಾಳೆಗೊನೆ ಇಳಿಸಲು ಮೊನೆ ಬಾಗಿದ ದೊಡ್ಡ ಕತ್ತಿ, ಕಾಯಿಪಲ್ಯ ಹೆಚ್ಚುವುದಕ್ಕೂ ಅಡಕೆ ಸುಲಿಯುವುದಕ್ಕೂ ಕಾಲಲ್ಲಿ ಮೆಟ್ಟಿ ಕೂರುವ ಮೆಟ್ಟುಗತ್ತಿ, ಗದ್ದೆಗೆ ಕುಡುಗೋಲು, ಜಗಲಿಯ ಕವಳದ ಹರಿವಾಣಕ್ಕೆ ಅಡಕತ್ತರಿ. ಆಯುಧಪೂಜೆಯ ದಿನ ಇವೆಲ್ಲವೂ ಮಿಂದು ಕುಂಕುಮವಿಟ್ಟುಕೊಂಡು ಮಣೆಯ ಮೇಲೆ ಸಾಲಾಗಿ ಮಲಗಿದಾಗ, ಮನೆಯ ಯಜಮಾನನು ತನ್ನ ವರ್ಷದ ಅನ್ನಕ್ಕೆ ಕಾರಣರಾದವರನ್ನು ಒಟ್ಟಿಗೆ ಕಾಣುತ್ತಾನೆ.

ಈ ಸಂಸಾರದ ಒಂದು ಲಕ್ಷಣವನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಅಡಕತ್ತರಿಯೊಂದನ್ನುಳಿದು ಇವುಗಳಲ್ಲಿ ಯಾವುದಕ್ಕೂ ಕೀಲಿಲ್ಲ. ಯಾವುದೂ ತನ್ನ ಬಾಯನ್ನು ಮರೆಸಿಕೊಳ್ಳುವುದಿಲ್ಲ. ತೋಟಕ್ಕೆ ಹೊರಟವನ ಬೆನ್ನ ಹಿಂದೆ, ಸೊಂಟಕ್ಕೆ ಕಟ್ಟಿದ ಮರದ ಕೊಕ್ಕೆಯಲ್ಲಿ, ಕತ್ತಿಯು ಬೆತ್ತಲೆಯಾಗಿಯೇ ತೂಗಾಡುತ್ತದೆ. ಎದುರಾದವರು ಅದನ್ನು ಕಂಡು ಬೆದರುವುದಂತಿರಲಿ, ಅದಿಲ್ಲದೆ ಹೊರಟವನನ್ನೇ ‘ಎಲ್ಲಿಗೆ, ಪೇಟೆಗೋ?’ ಎಂದು ವಿಚಾರಿಸುತ್ತಾರೆ. ಇಂಥ ನಾಡಿಗೆ, ಇಂಥದೇ ಒಂದು ಮನೆಗೆ, ಕಳೆದ ನವರಾತ್ರಿಯಲ್ಲಿ ಒಂದು ಮಡಚುಗತ್ತಿ ಬಂದಿತು. ಪರದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗನು, ಚಿಕ್ಕಪ್ಪನಿಗೆ ಏನನ್ನು ಒಯ್ಯಲೆಂದು ಬಹಳ ಚಿಂತಿಸಿ, ತೋಟದವನಿಗೆ ಕತ್ತಿಯೇ ಉಚಿತವೆಂದು ನಿಶ್ಚಯಿಸಿ, ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡರೆಂದು ಪೆಟ್ಟಿಗೆಯ ತಳದಲ್ಲಿ ಬಟ್ಟೆಗಳ ನಡುವೆ ಅದನ್ನು ಸುತ್ತಿ ತಂದಿದ್ದನು.

ಮೊದಲು ನನಗೆ ತಿಳಿದದ್ದು ಅದರ ಭಾರ. ಅಂಗೈಗಿಂತ ತುಸು ಉದ್ದವಾದ ಆ ಲೋಹದ ತುಂಡು ಕಾಲು ಕಿಲೋವಿಗೂ ಮಿಗಿಲಾಗಿ ತೂಗುತ್ತಿತ್ತು. ಹೆಬ್ಬೆರಳಿನಿಂದ ಅಲಗನ್ನು ನೂಕಿದರೆ ಅದು ಅರ್ಧಚಂದ್ರಾಕಾರವಾಗಿ ಹೊರಳಿ, ಹಿಡಿಯ ತುದಿಯಲ್ಲಿ ‘ಠಕ್’ ಎಂದು ಕುಳಿತುಕೊಳ್ಳುತ್ತದೆ; ಹಳೆಯ ಕಾಲದ ಕಬ್ಬಿಣದ ತಿಜೋರಿಯ ಬಾಗಿಲು ಮುಚ್ಚಿದಾಗ ಕೇಳಿಬರುವಂಥ, ಮನಸ್ಸಿಗೆ ಧೈರ್ಯ ಕೊಡುವ ಶಬ್ದ ಅದು. ಬಿಚ್ಚಿದಾಗ ಒಟ್ಟು ಹತ್ತಂಗುಲ, ಅದರಲ್ಲಿ ಅಲಗಿನ ಪಾಲು ಸುಮಾರು ನಾಲ್ಕೂವರೆ. ಮನೆಯ ಮಕ್ಕಳು ಸುತ್ತ ನೆರೆದು, ಬಿಚ್ಚಿ ಮುಚ್ಚುವ ವಿನೋದಕ್ಕೆ ಸರದಿ ಹಚ್ಚಿದರು. ನನ್ನ ಮನೆಯವರು ಮಾತ್ರ ದೂರದಿಂದಲೇ ನೋಡಿ, ‘ಇದು ಸಿನಿಮಾದ ಚಾಕುವಲ್ಲವೇ’ ಎಂದರು.

ಆ ಮಾತು ಅಕಾರಣವಾದುದಲ್ಲ. ಉತ್ತರ ಪ್ರದೇಶದ ರಾಮಪುರದ ಕುಶಲಿಗಳು ಮಾಡುತ್ತಿದ್ದ ಮಡಚು ಚಾಕು, ‘ರಾಮಪುರಿ’ಯೆಂಬ ಹೆಸರಿನಿಂದ ಹಿಂದಿ ಚಿತ್ರಗಳ ಖಳನಾಯಕರ ಕೈಸೇರಿ ಎಷ್ಟು ಅಪಕೀರ್ತಿ ಗಳಿಸಿತೆಂದರೆ, ಮಡಚುವ ಅಲಗನ್ನು ಕಂಡರೆ ಇಂದಿಗೂ ನಮ್ಮವರಿಗೆ ಸುಲಿದ ಅಡಕೆಗಿಂತ ಮೊದಲು ಕತ್ತಲೆಯ ಗಲ್ಲಿ ನೆನಪಾಗುತ್ತದೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ ಅನುಸಾರ ರಚಿತವಾದ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿಗಳನ್ನು ಶಸ್ತ್ರಗಳ ಸಾಲಿಗೆ ಸೇರಿಸಿ, ಗೃಹಕೃತ್ಯಕ್ಕೂ ಕೃಷಿಗೂ ರೂಪುಗೊಂಡವುಗಳನ್ನು ಹೊರಗಿಟ್ಟಿವೆ. ನಮ್ಮ ತೋಟದ ಕತ್ತಿಯು ಆ ಅಳತೆಯನ್ನು ಸಲೀಸಾಗಿ ಮೀರಿದರೂ ಕೃಷಿಯ ಹೆಸರಿನಲ್ಲಿ ರಾಜಮಾರ್ಗದಲ್ಲಿ ನಡೆಯುತ್ತದೆ. ಅದರ ಅರ್ಧದಷ್ಟೂ ಇಲ್ಲದ ಮಡಚುಗತ್ತಿಯು ಜೇಬಿನಲ್ಲಿ ಅಡಗಿರುವ ಒಂದೇ ತಪ್ಪಿಗೆ ಸಂಶಯಕ್ಕೆ ಗುರಿಯಾಗುತ್ತದೆ. ಅಡಗಿಕೊಳ್ಳುವುದೆಲ್ಲ ಕೇಡೆಂಬುದು ಲೋಕದ ಭಾವನೆ.

ಆದರೆ ಈ ವಸ್ತುವಿನ ವಂಶವೃತ್ತಾಂತವನ್ನು ಶೋಧಿಸಿದರೆ ಅದರಲ್ಲಿ ಕೇಡಿಗಿಂತ ಕಸುಬೇ ಹೆಚ್ಚು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ದೊರೆತ, ಕ್ರಿಸ್ತಪೂರ್ವ ಆರನೆಯ ಶತಮಾನದ ಸುಮಾರಿಗೆ ಸೇರಿದ ಎಲುಬಿನ ಹಿಡಿಯ ಮಡಚುಗತ್ತಿಯನ್ನು ಅತ್ಯಂತ ಪ್ರಾಚೀನವಾದವುಗಳಲ್ಲಿ ಎಣಿಸುತ್ತಾರೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರರ ಮಗನು ಮರದ ಹಿಡಿಯ ಸಾಧಾರಣ ಮಡಚುಗತ್ತಿಯೊಂದನ್ನು ಮಾಡಿದನು. ಅದು ರೈತನ ಜೇಬಿನಲ್ಲಿ ರೊಟ್ಟಿ ಕೊಯ್ಯಲೂ ದ್ರಾಕ್ಷಿಯ ಬಳ್ಳಿ ಸವರಲೂ ಸಲ್ಲುತ್ತ, ಬಿಚ್ಚಿದ ಅಲಗನ್ನು ಬಿಗಿಹಿಡಿಯುವ ಉಂಗುರವೊಂದನ್ನು 1955ರಲ್ಲಿ ತೊಟ್ಟುಕೊಂಡು, ಇಂದಿಗೂ ಅದೇ ಹೆಸರಿನಿಂದ ಮಾರಾಟವಾಗುತ್ತಿದೆ. ನಾವು ಶಾಲೆಯಲ್ಲಿ ಪೆನ್ಸಿಲು ಹೆರೆಯುತ್ತಿದ್ದ ‘ಪೆನ್‌ನೈಫ್’ ಕೂಡ ಮೂಲತಃ ಹಕ್ಕಿಯ ಗರಿಯ ಲೇಖನಿಯನ್ನು ಚೂಪುಗೊಳಿಸಲೆಂದು ಹುಟ್ಟಿದ್ದು. ಇದು ನನಗೆ ವಿಶೇಷವಾಗಿ ತೋರುವುದಕ್ಕೆ ಕಾರಣವುಂಟು: ದಕ್ಷಿಣ ಭಾರತದ ಲಿಪಿಕಾರರು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಂಠಗಳಲ್ಲಿಯೂ ಕೆಲವಕ್ಕೆ, ಗರಿಯ ಅಂಚನ್ನು ಸಮಗೊಳಿಸುವ ಕಿರುಗತ್ತಿಯು ಮೊನೆಯೊಡನೆ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವಂತಿರುತ್ತಿತ್ತು. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳನ್ನು ನೋಡುವವರು, ಆ ಅಕ್ಷರಗಳ ಹಿಂದೆ ಅಂಥದೊಂದು ಕಿರುಗತ್ತಿಯ ಕೈವಾಡವೂ ಇದ್ದೀತೆಂದು ಊಹಿಸಿದರೆ ತಪ್ಪಾಗಲಾರದು.

ಪೂಜೆ ಮುಗಿದ ಮರುದಿನ ಹೊಸಬನನ್ನು ನಮ್ಮ ಕಮ್ಮಾರರಲ್ಲಿಗೆ ಒಯ್ದೆ. ಹೊಸನಗರದ ದಾರಿಯಲ್ಲಿರುವ ಅವರ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಕೆಂಪಗೆ ಕಾಯ್ದು, ಅಡಿಗಲ್ಲಿನ ಮೇಲೆ ಪೆಟ್ಟು ತಿಂದು, ನೀರಿನಲ್ಲಿ ಹದಗೊಂಡು ನಮ್ಮೆಲ್ಲರ ಕತ್ತಿಗಳಾಗುತ್ತವೆ. ಅವರು ಅದನ್ನು ನಾಲ್ಕಾರು ಬಾರಿ ಬಿಚ್ಚಿ ಮುಚ್ಚಿ, ಅಲಗನ್ನು ಉಗುರಿನಿಂದ ಮಿಡಿದು, ಕೀಲಿನ ಬಳಿ ಕಣ್ಣಿಟ್ಟು ನೋಡಿ ಹೇಳಿದರು: ‘ಉಕ್ಕೇನೋ ಭರ್ಜರಿ ಇದೆ ಭಟ್ರೇ. ಆದ್ರೆ ಪೆಟ್ಟು ಬೀಳೋ ಜಾಗದಲ್ಲೇ ಸೊಂಟ ಮುರಿದು ಮೊಳೆ ಹೊಡೆದಿದಾರಲ್ಲ!’

ಮಡಚುಗತ್ತಿಯ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಹಿಡಿಯೊಳಗೆ ನಾಟಿದ ಅಲಗಿನ ಬುಡವು ಪೆಟ್ಟಿನ ಆಘಾತವನ್ನು ನೇರವಾಗಿ ಕೈಗೆ ಸಾಗಿಸುತ್ತದೆ. ಮಡಚುವ ಅಲಗಿನಲ್ಲಿಯಾದರೋ ಆ ಬಲವೆಲ್ಲ ಒಂದು ಕಿರುಬೆರಳಿನಷ್ಟು ದಪ್ಪವೂ ಇಲ್ಲದ ಮೊಳೆಯನ್ನೂ, ಅಲಗು ಹಿಂದಕ್ಕೆ ಬಾರದಂತೆ ತಡೆಯುವ ಕೊಂಡಿಯನ್ನೂ ಆಶ್ರಯಿಸಬೇಕು. ನನ್ನದರಲ್ಲಿ ಆ ಕೊಂಡಿಯು ಹಿಡಿಯ ಬೆನ್ನಿನಲ್ಲಿದೆ: ಸ್ಪ್ರಿಂಗಿನ ಒತ್ತಡಕ್ಕೆ ಸಿಕ್ಕ ಉಕ್ಕಿನ ಪಟ್ಟಿಯ ತುದಿಯೊಂದು ಅಲಗಿನ ಬುಡದ ಕಚ್ಚಿನಲ್ಲಿ ಕೂತು ಬಿಡುತ್ತದೆ, ಹಿಂತುದಿಯನ್ನು ಒತ್ತಿದರೆ ಮಾತ್ರ ಬಿಡುಗಡೆ. ಸಂತೆಯ ಅಗ್ಗದ ಚಾಕುಗಳಲ್ಲಿ ಈ ಕೊಂಡಿಯಿರದೆ ಸ್ಪ್ರಿಂಗಿನ ಬಿಗಿತವೊಂದೇ ಇರುವುದರಿಂದ, ಚುಚ್ಚುವ ಕೆಲಸಕ್ಕೆ ಹೋದರೆ ಅಲಗು ಮಡಚಿಕೊಂಡು ಹಿಡಿದವನ ಬೆರಳನ್ನೇ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡ ಗುರುತು ನನ್ನ ತೋರುಬೆರಳಿನಲ್ಲಿ ಬಾಲ್ಯದಿಂದಲೂ ಉಂಟು.

ಕಮ್ಮಾರರ ಮಾತನ್ನು ಕೇಳಿಯೂ ಕೇಳದವನಂತೆ ನಾನು ಅದನ್ನು ತೋಟಕ್ಕೆ ಒಯ್ದು ಪರೀಕ್ಷಿಸಿದೆ. ನೈಲಾನು ಹಗ್ಗ, ಗೊಬ್ಬರದ ಚೀಲದ ಹೊಲಿಗೆ, ನೀರಿನ ಕಪ್ಪು ಪೈಪು, ಇವೆಲ್ಲ ಅದರೆದುರು ಬೆಣ್ಣೆಯಾದುವು. ನಮ್ಮ ಕತ್ತಿಯಿಂದ ಪೈಪು ಕೊಯ್ದರೆ ಅಂಚು ಹಲ್ಲುಹಲ್ಲಾಗುವುದು ಎಲ್ಲರಿಗೂ ಗೊತ್ತು. ಹಸಿ ಅಡಕೆಯನ್ನು ಸೀಳಿದಾಗ ಇನ್ನೊಂದು ವ್ಯತ್ಯಾಸ ಕಂಡಿತು. ಅಡಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಶಾಯಿಯಂಥ ಕಪ್ಪುನೀಲಿ ಬಣ್ಣವಾಗುವುದರಿಂದ ನಮ್ಮ ಕತ್ತಿಗಳ ಅಲಗು ಸುಗ್ಗಿಯಲ್ಲಿ ಮಸಿಯ ಕುಡಿಕೆಯಲ್ಲಿ ಅದ್ದಿದಂತಿರುತ್ತದೆ. ಕ್ರೋಮಿಯಂ ಬೆರೆತ ಈ ಉಕ್ಕು ಮಾತ್ರ ತೊಳೆದೊಡನೆ ಬೆಳ್ಳಗಾಯಿತು. ಆ ಉತ್ಸಾಹದಲ್ಲಿ ಒಣಬಿದಿರಿನ ಗಣೆಯೊಂದಕ್ಕೆ, ಕತ್ತಿಯನ್ನು ಬೀಸುವಂತೆಯೇ ಬೀಸಿ ಹೊಡೆದೆನು. ಬಿದಿರಿನಲ್ಲಿ ಕೂದಲೆಳೆಯಷ್ಟು ಕಚ್ಚಾಯಿತು. ಮೂರನೆಯ ಪೆಟ್ಟಿಗೆ ಅಲಗು ಕೀಲಿನಲ್ಲಿ ಎಡಬಲಕ್ಕೆ ತುಸು ಅಲುಗಾಡತೊಡಗಿತು, ಇಂದಿಗೂ ಅಲುಗಾಡುತ್ತಿದೆ.

ತಪ್ಪು ಕತ್ತಿಯದಲ್ಲ, ಬೀಸಿದವನದು. ‘ದೊಡ್ಡದು, ಗಟ್ಟಿಮುಟ್ಟಾದದ್ದು’ ಎಂಬ ವಿಶೇಷಣಗಳು ಕೊಯ್ಯುವ ಕೆಲಸಕ್ಕೆ ಸಲ್ಲುವುವೇ ಹೊರತು ಕಡಿಯುವ ಕೆಲಸಕ್ಕಲ್ಲ. ಕಡಿಯುವ ಕತ್ತಿಗೆ ಭಾರವು ಮೊನೆಯ ಕಡೆಗೆ ಇರಬೇಕು, ಕೈಗಿಂತ ಮುಂದೆ ಅದೇ ಬಿದ್ದು ಕೆಲಸ ಮಾಡಬೇಕು. ಇದರ ಭಾರವೆಲ್ಲ ಹಿಡಿಯಲ್ಲಿದೆ. ನಮ್ಮ ಕಮ್ಮಾರರು ಉಕ್ಕಿಗೆ ತುಸು ಮೆದುವಾದ ಹದ ಕೊಡುವುದರಿಂದ ಕಲ್ಲಿಗೆ ತಗುಲಿದ ಬಾಯಿ ಮಡಿಯುತ್ತದೆ, ಮುರಿಯುವುದಿಲ್ಲ. ಮಸೆಗಲ್ಲಿಗೆ ತಿಕ್ಕಿದರೆ ಸರಿಹೋಗುತ್ತದೆ. ಗಡಸು ಹದದ ಈ ಅಲಗು ಹರಿತವನ್ನು ಬಹುದಿನ ಉಳಿಸಿಕೊಳ್ಳುವುದಾದರೂ, ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ.

ಅದು ತನ್ನ ನಿಜವಾದ ಕೆಲಸವನ್ನು ಕಂಡುಕೊಂಡದ್ದು ಅಪ್ಪೆಮಿಡಿಯ ಕಸಿಯಲ್ಲಿ. 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಉಪ್ಪಿನಕಾಯಿಯ ಮಾವಿನ ಕಡ್ಡಿಗಳನ್ನು ನಮ್ಮ ಕಡೆ ಈಗ ಅನೇಕರು ಹೊಳೆಯಂಚಿನ ಹಳೆಯ ಮರಗಳಿಂದ ತಂದು ಸಸಿಗಳಿಗೆ ಕೂಡಿಸುತ್ತಾರೆ. ಕಡ್ಡಿಯ ಬುಡವನ್ನು ಎರಡೂ ಕಡೆ ಒಂದೇ ಸೆಳೆತದಲ್ಲಿ ಬೆಣೆಯಾಕಾರವಾಗಿ ಕೆತ್ತಬೇಕು. ಅಲಗು ಮೊಂಡಾಗಿ ಮೈ ನಲುಗಿದರೆ ಕಸಿ ಹತ್ತದು. ಅದಕ್ಕೆಂದೇ ಇರುವ ಚಿಕ್ಕ ಕಸಿಚಾಕುವಿನ ಮುಂದೆ ಇದು ಆನೆಯಂತಿದ್ದರೂ, ಹಿಡಿಯ ಭಾರದಿಂದ ಕೈ ನಡುಗದೆ ನಿಲ್ಲುವ ಸೌಕರ್ಯವು ನನ್ನ ವಯಸ್ಸಿನವರಿಗೆ ದೊಡ್ಡದು. ಈ ವರ್ಷ ಅದರಿಂದ ಕೆತ್ತಿದ ಹನ್ನೆರಡು ಕಡ್ಡಿಗಳಲ್ಲಿ ಒಂಬತ್ತು ಚಿಗುರಿವೆ.

ಇನ್ನು ಮಳೆಗಾಲದ ವಿಚಾರ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಗೋಡೆಯ ಮೇಲಿನ ಕನ್ನಡಿ ಬೂಸ್ಟು ಹಿಡಿಯುವಷ್ಟು ಇದೆ. ತುಕ್ಕು ಹಿಡಿಯದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಆ ಕತ್ತಿಯ ಕೀಲಿನೊಳಗೆ, ಆಷಾಢ ಕಳೆಯುವಷ್ಟರಲ್ಲಿ ಕೆಂಪು ಧೂಳು ಕಾಣಿಸಿತು. ಅಲಗಿಗಿಲ್ಲದ ತುಕ್ಕು ಒಳಗಿನ ಸ್ಪ್ರಿಂಗಿಗೆ ಹಿಡಿದಿತ್ತು. ಇಂಥದನ್ನು ಮಲೆನಾಡಿನಲ್ಲಿ ಇಟ್ಟುಕೊಂಡವರು ಮಣ್ಣು ಮೆತ್ತಿದಾಗಲೆಲ್ಲ ಬಿಸಿನೀರಿನಲ್ಲಿ ತೊಳೆದು, ಒಲೆಯ ಬಳಿ ಒಣಗಿಸಿ, ವಾರಕ್ಕೊಮ್ಮೆ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡತಕ್ಕದ್ದು. ಮತ್ತು ಅದರಿಂದ ಬಿದಿರಿಗೆ ಹೊಡೆಯಕೂಡದು.