ಮಾಂಸವೇ ಮಂಜುಗಡ್ಡೆ

ಅಲಾಸ್ಕಾದ ಗಂಡು ಮೂಸ್ 600 ಕಿಲೋ ದಾಟುವುದುಂಟು. ಜಿಂಕೆಗಳ ಕುಟುಂಬದಲ್ಲಿ ಅದಕ್ಕಿಂತ ದೊಡ್ಡ ಪ್ರಾಣಿ ಇಲ್ಲ. ನಮ್ಮ ದೊಡ್ಡ ಕಡವೆಯ ದುಪ್ಪಟ್ಟು ತೂಕ. ಒಂದು ಬಿದ್ದರೆ ಇನ್ನೂರು ಕಿಲೋ ಮಾಂಸ ಸಿಗುತ್ತದೆ. ಅದನ್ನು ಕಾಡಿನಲ್ಲೇ ಬಿಟ್ಟು ಕೊಂಬು ಮಾತ್ರ ಹೊತ್ತು ತರುವಂತಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಅಪರಾಧ; ಅಲ್ಲಿ ಬೇಟೆಯಾಡಿ ಮಾಂಸ ಬಿಟ್ಟುಬರುವುದು ಅಪರಾಧ. ಹಾಗಾಗಿ ದೂರದ ರಾಜ್ಯಗಳಿಂದ ಬಂದ ಬೇಟೆಗಾರರು ಊರಿಗೆ ಮರಳುವಾಗ ಅದನ್ನು ಲಗೇಜಿನಲ್ಲಿ ಒಯ್ಯುತ್ತಾರೆ.

ಕೆಲಸ ಶುರುವಾಗುವುದು ಕಾಡಿನಲ್ಲೇ. ಮೂಸ್‌ನ ಕೂದಲು ಟೊಳ್ಳು, ಒಳಗೆಲ್ಲ ಗಾಳಿ. ಬದುಕಿರುವಾಗ ಮೈ ಬೆಚ್ಚಗಿಟ್ಟ ಆ ಹೊದಿಕೆಯೇ ಸತ್ತ ಮೇಲೆ ಮಾಂಸ ಕೆಡಿಸುತ್ತದೆ. ಚರ್ಮ ಸುಲಿಯಲು ತಡವಾದರೆ ತೊಡೆಯ ಒಳಗೆ, ಮೂಳೆಯ ಪಕ್ಕದಲ್ಲಿ, ಬಿಸಿ ಹಾಗೇ ನಿಂತು ಮಾಂಸ ಒಳಗಿನಿಂದ ಹಳಸುತ್ತದೆ. ಹಾಗೆಂದು ಕೂಡಲೇ ಫ್ರೀಜರಿಗೆ ತುರುಕಿದರೂ ಕಷ್ಟ. ಸತ್ತ ಸ್ನಾಯು ಒಮ್ಮೆ ಸೆಟೆದು ಮತ್ತೆ ಸಡಿಲವಾಗಬೇಕು. ಅದಕ್ಕೂ ಮೊದಲೇ ಹೆಪ್ಪುಗಟ್ಟಿಸಿದರೆ, ಕರಗುವಾಗ ಅದು ಬಲವಾಗಿ ಮುದುಡಿಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಗಟ್ಟಿ. ಆದ್ದರಿಂದ ಗಾಳಿಯಾಡುವ ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕುತ್ತಾರೆ. ಮೇಲ್ಮೈ ಒಣಗಿ ಪೊರೆ ಕಟ್ಟುತ್ತದೆ, ನೊಣಕ್ಕೂ ಬ್ಯಾಕ್ಟೀರಿಯಾಕ್ಕೂ ಬೇಕಾದ ತೇವ ಸಿಗುವುದಿಲ್ಲ.

ಆಮೇಲೆ ಕತ್ತರಿಸಿ, ಗಾಳಿ ಹೀರಿ ತೆಗೆದ ಪ್ಲಾಸ್ಟಿಕ್ ಚೀಲಗಳಲ್ಲಿ ಮುಚ್ಚಿ, ಕಲ್ಲಿನಂತೆ ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಡಬೇಕು. ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸದೆ ಹರವಿಟ್ಟರೆ ಬೇಗ ಗಟ್ಟಿಯಾಗುತ್ತವೆ. ನಿಧಾನವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಜೀವಕೋಶ ಹರಿಯುತ್ತದೆ, ಕರಗಿಸಿದಾಗ ರಸವೆಲ್ಲ ಸೋರಿಹೋಗುತ್ತದೆ.

ಇನ್ನು ಪೆಟ್ಟಿಗೆ. ಹೆಚ್ಚಿನವರು ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ಎಲ್ಲಿ ಸಿಗುತ್ತದೆಂದು ಓಡಾಡುತ್ತಾರೆ. ನನ್ನ ಪ್ರಕಾರ ಅಷ್ಟು ಪರದಾಟ ಬೇಕಿಲ್ಲ. ಲೆಕ್ಕ ಹಾಕೋಣ. ವಿಮಾನದ ಒಂದು ಲಗೇಜಿನ ಸಾಮಾನ್ಯ ಮಿತಿ 23 ಕಿಲೋ. ಅದರಲ್ಲಿ 18 ಕಿಲೋ ಮಾಂಸವೆನ್ನಿ. ಪೆಟ್ಟಿಗೆಯ ಫೋಮ್ ಗೋಡೆ 4 ಸೆಂಟಿಮೀಟರ್ ದಪ್ಪ, ಹೊರಮೈ 0.8 ಚದರ ಮೀಟರ್, ಹೊರಗೆ 20 ಡಿಗ್ರಿ. ಒಳನುಸುಳುವ ಶಾಖ ಸುಮಾರು 12 ವ್ಯಾಟ್, ಮನೆಯ ಎಲ್‌ಇಡಿ ಬಲ್ಬ್‌ನಷ್ಟೇ. ದಿನಕ್ಕೆ ಸುಮಾರು 1,000 ಕಿಲೋಜೂಲ್ ಆಯಿತು. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಹೆಪ್ಪುಗಟ್ಟಿದ ಒಂದು ಕಿಲೋ ಕರಗಲು 240 ಕಿಲೋಜೂಲ್ ಆಸುಪಾಸು ಬೇಕು. 18 ಕಿಲೋ ಪೂರ್ತಿ ಕರಗಬೇಕಾದರೆ ನಾಲ್ಕು ದಿನ! ಅಂಚಿನ ಪೊಟ್ಟಣಗಳು ಮೊದಲೇ ಮೆತ್ತಗಾಗುತ್ತವೆ, ನಿಜ. ಆದರೆ ಒಂದೆರಡು ದಿನದ ಪ್ರಯಾಣಕ್ಕೆ ಧಾರಾಳವಾಯಿತು. ಒಳಗೆ ಖಾಲಿ ಜಾಗ ಉಳಿದರೆ ಪತ್ರಿಕೆ, ಬಟ್ಟೆ ತುರುಕಿ, ಗಾಳಿ ಸುತ್ತಾಡದಿರಲಿ.

ಡ್ರೈ ಐಸ್ ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಅನಿಲವಾಗುತ್ತದೆ. ಒಬ್ಬ ಪ್ರಯಾಣಿಕನಿಗೆ ಬಿಡುವುದು 2.5 ಕಿಲೋ, ಅದೂ ಏರ್‌ಲೈನ್ ಒಪ್ಪಿದರೆ. ಅದು ಹೀರುವ ಶಾಖ ಸುಮಾರು 1,400 ಕಿಲೋಜೂಲ್. ಮಾಂಸ ತಾನೇ ಹೀರುವುದರ ಮೂರನೇ ಒಂದು ಪಾಲು. ಅಷ್ಟಕ್ಕೆ 1,300 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮುಚ್ಚಳದ ಸಂದಿಗಳಿಗೆಲ್ಲ ಟೇಪು ಬಿಗಿದರೆ ಪೆಟ್ಟಿಗೆ ಸಿಡಿಯಬಹುದು, ಅದಕ್ಕೇ ಅನಿಲಕ್ಕೆ ದಾರಿ ಬಿಡಬೇಕೆಂಬ ನಿಯಮ. ಮೇಲೆ ತೂಕ ಬರೆದ ಚೀಟಿಯೂ ಇರಬೇಕು: ವಿಮಾನದ ಅದೇ ಸರಕು ಹೋಲ್ಡ್‌ನಲ್ಲಿ ಯಾರದೋ ನಾಯಿಯೂ ಬೋನಿನಲ್ಲಿ ಪ್ರಯಾಣ ಮಾಡುತ್ತಿರಬಹುದು, ಎರಡನ್ನೂ ದೂರದೂರ ಇಡಬೇಕಲ್ಲ.